ಒಂದೇ ಆವರಣದ ಮುಂದೆ ಅರ್ಧ ಗಂಟೆ

ಬೆಳಗಿನ ರೌಂಡ್ಸ್ ಮುಗಿಸಿ ನಾನು ಆಸ್ಪತ್ರೆ ಕಡೆ ಹೊರಡುವ ಹೊತ್ತಿಗೆ ಮೃಗಾಲಯದ ಗೇಟು ತೆರೆಯುತ್ತದೆ. ಮೊದಲು ಒಳಗೆ ಬರುವುದು ಮಕ್ಕಳು. ಓಡಿಕೊಂಡೇ ಬರುತ್ತಾರೆ. ಹಿಂದೆ ನಕ್ಷೆ ಹಿಡಿದ ಅಪ್ಪ, ಹೆಗಲಿಗೆ ಚೀಲ ಹಾಕಿಕೊಂಡು ಸೊಂಟದ ಮೇಲೆ ಕೂಸು ಎತ್ತಿಕೊಂಡ ಅಮ್ಮ. ಅವರ ಹಿಂದೆ ನಿಧಾನವಾಗಿ ಅಜ್ಜಿ, ತಾತ. ಎರಡು ಮೂರು ಗಂಟೆ ಕಳೆದ ಮೇಲೆ ಅದೇ ಕುಟುಂಬ ಮತ್ತೆ ನನ್ನ ಕಣ್ಣಿಗೆ ಬೀಳುತ್ತದೆ. ಚಿಕ್ಕದು ಅಳುತ್ತಿರುತ್ತದೆ. ದೊಡ್ಡದು ಮುಖ ಊದಿಸಿಕೊಂಡಿರುತ್ತದೆ. ಅಪ್ಪ ಮಾತ್ರ "ಇನ್ನು ಮೊಸಳೆ, ಜಿರಾಫೆ, ಹಕ್ಕಿಗಳು ಬಾಕಿ" ಎಂದು ಲೆಕ್ಕ ಹಾಕುತ್ತಿರುತ್ತಾರೆ.

ಮೃಗಾಲಯದ ಪಶುವೈದ್ಯನಾಗಿ 20 ವರ್ಷದ ಮೇಲಾಯಿತು. ನಡುವೆ ಕೆಲವು ವರ್ಷ ಅಕ್ವೇರಿಯಂ ಒಂದರಲ್ಲೂ ಇದ್ದೆ. ಇಷ್ಟು ವರ್ಷ ನೋಡಿದ ಮೇಲೆ ನಾನು ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುವುದು ಒಂದೇ ಮಾತು. ದಯವಿಟ್ಟು ಎಲ್ಲವನ್ನೂ ನೋಡಲು ಹೋಗಬೇಡಿ. ಮನೆಯಲ್ಲೇ ಕೂತು ಆರೇಳು ಪ್ರಾಣಿಗಳನ್ನು ಆರಿಸಿಕೊಳ್ಳಿ. ಒಂದನ್ನು ಮಗುವೇ ಆರಿಸಲಿ. ಆ ಒಂದರ ಮುಂದೆ ಅರ್ಧ ಗಂಟೆ ನಿಲ್ಲಿ.

ಅರ್ಧ ಗಂಟೆ ಜಾಸ್ತಿ ಆಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಪ್ರಾಣಿಗಳ ದಿನ ನಮ್ಮ ದಿನದ ಹಾಗೆ ಇರುವುದಿಲ್ಲ. ಸಿಂಹ ದಿನದಲ್ಲಿ 16ರಿಂದ 20 ಗಂಟೆ ಸುಮ್ನೆ ಮಲಗಿರುತ್ತದೆ. ಕಾಡಿನಲ್ಲೂ ಹಾಗೇ. ಬೇಟೆಗೆ ಬೇಕಾದ ಶಕ್ತಿಯನ್ನು ಅದು ಹೀಗೆ ಉಳಿಸಿಕೊಳ್ಳುತ್ತದೆ. ನಡು ಮಧ್ಯಾಹ್ನ ಹೋಗಿ ಅದು ಘರ್ಜಿಸಲಿ ಎಂದು ಕಾದರೆ ಬೇಸರವಾಗುತ್ತದೆ. ಗೇಟು ತೆರೆದ ಮೊದಲ ಒಂದೂವರೆ ಗಂಟೆ, ಆಮೇಲೆ ಸಂಜೆ ಪ್ರಾಣಿಗಳನ್ನು ಒಳಗೆ ಬಿಡುವ ಮೊದಲಿನ ಹೊತ್ತು, ಇವೆರಡೂ ದೊಡ್ಡ ಬೆಕ್ಕುಗಳನ್ನು, ಕರಡಿ, ತೋಳಗಳನ್ನು ನೋಡಲು ಒಳ್ಳೆಯ ಸಮಯ. ಆಮೆ, ಹಲ್ಲಿ ಜಾತಿಯವು ಇದಕ್ಕೆ ಉಲ್ಟಾ. ಮೈ ಬಿಸಿಯಾಗಲು ಅವಕ್ಕೆ ಬಿಸಿಲು ಬೇಕು. ಬಿಸಿಲು ಏರಿದ ಮೇಲೆಯೇ ಅವುಗಳ ಓಡಾಟ ಶುರು. ಆಹಾರ ಕೊಡುವ ಸಮಯವನ್ನು ಗೇಟಿನಲ್ಲೇ ಕೇಳಿಕೊಳ್ಳಿ. ನಿಮ್ಮ ದಿನದ ಯೋಜನೆಯನ್ನು ಅದರ ಸುತ್ತ ಹೆಣೆದರೆ ಸಾಕು.

ನಿಶಾಚರಿಗಳ ಮನೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಇದರಷ್ಟು ಅನ್ಯಾಯವಾಗುವ ಜಾಗ ಮೃಗಾಲಯದಲ್ಲಿ ಇನ್ನೊಂದಿಲ್ಲ. ಅಲ್ಲಿ ಹಗಲು ರಾತ್ರಿಗಳನ್ನು ದೀಪದಿಂದಲೇ ಅದಲು ಬದಲು ಮಾಡಿರುತ್ತಾರೆ. ನಾವು ಹೋಗುವಾಗ ಮಂದ ಬೆಳಕು, ಪ್ರಾಣಿಗಳ ಪಾಲಿಗೆ ಅದೇ ರಾತ್ರಿ. ಬಿಸಿಲಿನಿಂದ ಒಳಗೆ ಬಂದ ಜನ ಒಂದು ನಿಮಿಷ ಇಣುಕಿ "ಏನೂ ಇಲ್ಲ" ಎಂದು ಹೊರಟುಬಿಡುತ್ತಾರೆ. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಐದು ನಿಮಿಷ ಸುಮ್ಮನೆ ನಿಂತರೂ ಮೊದಲು ಒಂದು ಕೊಂಬೆ ಅಲುಗಾಡಿದ್ದು ಕಾಣುತ್ತದೆ. ಆಮೇಲೆ ಎರಡು ಕಣ್ಣು. ಆಮೇಲೆ ಇಡೀ ಕೋಣೆಯೇ ತುಂಬಿಕೊಂಡಿದೆ ಎಂದು ಗೊತ್ತಾಗುತ್ತದೆ. ಮಕ್ಕಳು ಇದನ್ನು ನಮಗಿಂತ ಬೇಗ ಕಂಡುಹಿಡಿಯುತ್ತಾರೆ. ಮೊಬೈಲ್ ಪರದೆ ಮಾತ್ರ ಬೆಳಗಿಸಬೇಡಿ. ಹೊಂದಿಕೊಂಡ ಕಣ್ಣು ಮತ್ತೆ ಮೊದಲಿನಂತಾಗುತ್ತದೆ, ಪ್ರಾಣಿಯೂ ಅಡಗಿಕೊಳ್ಳುತ್ತದೆ.

ನಿಂತು ಏನು ನೋಡಬೇಕು? "ಎಲ್ಲಿದೆ?" ಎಂದು ಹುಡುಕಿ ಮುಗಿಸಬೇಡಿ. "ಏನು ಮಾಡ್ತಿದೆ?" ಎಂದು ಮಗುವನ್ನು ಕೇಳಿ. ಆನೆ ಕಿವಿ ಬೀಸುತ್ತಿದ್ದರೆ ಅದು ಕಿವಿಯ ರಕ್ತನಾಳಗಳಲ್ಲಿ ಹರಿಯುವ ರಕ್ತವನ್ನು ತಣ್ಣಗೆ ಮಾಡಿಕೊಳ್ಳುತ್ತಿದೆ. ಫ್ಲೆಮಿಂಗೊ ಹಕ್ಕಿಯ ಕಾಲಲ್ಲಿ ಹಿಂದಕ್ಕೆ ಮಡಚುವುದು ಮಂಡಿಯಲ್ಲ, ಪಾದದ ಕೀಲು. ಮಂಡಿ ಮೇಲೆ ಗರಿಗಳ ಒಳಗೆ ಮುಚ್ಚಿಹೋಗಿರುತ್ತದೆ. ಇದನ್ನು ಕೇಳಿದ ಮಕ್ಕಳು ತಮ್ಮದೇ ಕಾಲು ಮುಟ್ಟಿ ನೋಡಿಕೊಳ್ಳುತ್ತಾರೆ. ಚಿಂಪಾಂಜಿ ಹಲ್ಲು ಕಿರಿದರೆ ನಾವು ನಕ್ಕಿತು ಎಂದು ಕೇಕೆ ಹಾಕುತ್ತೇವೆ. ಅದು ಹೆಚ್ಚಾಗಿ ಹೆದರಿಕೆಯ ಮುಖ. ನೀರಾನೆ ಬಾಯಿ ಅಗಲಿಸಿದರೆ ಅದು ಆಕಳಿಕೆಯಾಗಬೇಕಿಲ್ಲ. ಎಷ್ಟೋ ಸಲ "ದೂರ ಇರು" ಎಂಬ ಎಚ್ಚರಿಕೆ. ಆ ತೆರೆದ ಬಾಯಿಯೊಳಗೆ ಏನಾದರೂ ಎಸೆಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಹಾರ ಎಸೆಯಬೇಡಿ ಎಂಬ ಬೋರ್ಡನ್ನು ಎಲ್ಲರೂ ಓದುತ್ತಾರೆ. ಒಂದು ಬಿಸ್ಕತ್ತಿನಿಂದ ಏನಾಗುತ್ತದೆ ಎಂದುಕೊಳ್ಳುತ್ತಾರೆ. ಒಮ್ಮೆ ಒಂದು ಹೆಣ್ಣು ಜಿಂಕೆ ಮೇವು ಬಿಟ್ಟಿತು. ಹೊಟ್ಟೆ ಮಾತ್ರ ತುಂಬಿದ ಹಾಗೇ ಇತ್ತು. ಮೂರನೇ ದಿನ ಆಪರೇಷನ್‌ಗೆ ತಯಾರಿ ನಡೆಸಿದೆವು. ಅಷ್ಟರಲ್ಲಿ ಸತ್ತುಹೋಯಿತು. ಮರಣೋತ್ತರ ಪರೀಕ್ಷೆಯಲ್ಲಿ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮೊದಲನೆಯದರಿಂದ ಹೊರತೆಗೆದದ್ದು ಪ್ಲಾಸ್ಟಿಕ್ ಕವರುಗಳ ಉಂಡೆ. ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿತ್ತು. ನನ್ನ ಎರಡು ಕೈಗಳಲ್ಲಿ ಹಿಡಿಯಲಿಲ್ಲ. ಮೆಲುಕು ಹಾಕುವ ಪ್ರಾಣಿಗಳಲ್ಲಿ ಪ್ಲಾಸ್ಟಿಕ್ ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಕೂತು ಬೆಳೆಯುತ್ತದೆ. ಆ ಉಂಡೆಯಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಎಸೆದ ಕವರು ಇದ್ದಿರಲಿಕ್ಕಿಲ್ಲ. ಎಲ್ಲ ಪ್ರೀತಿಯಿಂದ ಕೊಟ್ಟ ತಿಂಡಿಯ ಕವರುಗಳೇ. ಅದಕ್ಕೇ ನನಗೆ ಅದು ಇಂದಿಗೂ ಜಾಸ್ತಿ ನೋವು ಕೊಡುತ್ತದೆ. ಗಾಳಿಗೆ ಹಾರುವಂಥದ್ದು ಏನಿದ್ದರೂ ಚೀಲದೊಳಗೇ ಇರಲಿ.

ಇನ್ನೊಂದು ವಿಷಯದಲ್ಲಿ ನಾನು ಯಾವ ಸಂಕೋಚವೂ ಇಲ್ಲದೆ ಕೂಗಿ ಹೇಳುತ್ತೇನೆ. ಫೋಟೋಗಾಗಿ ಮಗುವನ್ನು ಕಂಬಿಯ ಮೇಲೆ, ಕಟ್ಟೆಯ ಮೇಲೆ ಕೂರಿಸಬೇಡಿ. ಒಂದು ಕ್ಷಣಕ್ಕೂ ಬೇಡ. ಮಗುವಿಗೆ ಕಾಣುವುದಿಲ್ಲ ಎಂದರೆ ನಿಮ್ಮ ಎದೆಗೆ ಒತ್ತಿ ಎತ್ತಿಕೊಳ್ಳಿ, ಇಲ್ಲವೇ ಗಾಜಿನ ಕಿಟಕಿ ಇರುವ ಜಾಗಕ್ಕೆ ಹೋಗಿ. ನೀವೇ ಒಮ್ಮೆ ಮಂಡಿಯೂರಿ ಮಗುವಿನ ಎತ್ತರದಿಂದ ನೋಡಿ. ನಿಮಗೆ ಹುಲಿ ಕಾಣುವ ಕಡೆ ಮಗುವಿಗೆ ಬರೀ ಗೋಡೆ ಕಾಣುತ್ತಿರಬಹುದು.

ಮಕ್ಕಳು ಕೆಲವೊಮ್ಮೆ ಕೇಳುತ್ತಾರೆ, ಈ ಕರಡಿ ಯಾಕೆ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೀತಿದೆ ಎಂದು. ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬೇಡಿ. ನಿಜ ಹೇಳಿ. ಕೆಲವು ಸಲ ಅದು ಊಟದ ಹೊತ್ತಿನ ಚಡಪಡಿಕೆ, ಅಷ್ಟೆ. ಆದರೆ ಗಂಟೆಗಟ್ಟಲೆ, ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡುತ್ತಾ ನಡೆಯುತ್ತಿದ್ದರೆ ಆ ಪ್ರಾಣಿಗೆ ಮಾಡಲು ಏನೋ ಸಾಲದಾಗಿದೆ, ಅಥವಾ ಹಿಂದೆ ಯಾವಾಗಲೋ ಸಾಲದೇ ಹೋಗಿತ್ತು. ಒಂದು ಸಲ ಅಂಟಿದ ಅಭ್ಯಾಸ ಒಳ್ಳೆಯ ಆವರಣಕ್ಕೆ ಬಂದ ಮೇಲೂ ಬಿಡದೆ ಇರುವುದುಂಟು. ನಾವು ಅದಕ್ಕೆ ಆಹಾರವನ್ನು ಮರದ ಬೊಡ್ಡೆಯಲ್ಲಿ ಅಡಗಿಸಿಡುತ್ತೇವೆ, ಮಂಜುಗಡ್ಡೆಯೊಳಗೆ ಹಣ್ಣು ಇಡುತ್ತೇವೆ, ಹೊಸ ವಾಸನೆ ಸವರುತ್ತೇವೆ. ಹುಡುಕುವ ಕೆಲಸ ಸಿಕ್ಕರೆ ನಡೆದಾಟ ಕಡಿಮೆಯಾಗುತ್ತದೆ.

ಹಾಗಾದರೆ ಒಳ್ಳೆಯ ಮೃಗಾಲಯ ಎಂದು ಗುರುತಿಸುವುದು ಹೇಗೆ? ನಾನು ಮೊದಲು ನೋಡುವುದು, ಪ್ರಾಣಿಗೆ ಬೇಕೆನಿಸಿದಾಗ ನನ್ನ ಕಣ್ಣಿಂದ ಮರೆಯಾಗಲು ಜಾಗ ಇದೆಯಾ ಎಂದು. ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್ ಎಂಬ ಪ್ರಾಣಿಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಹೇಳಿದ್ದರು. ಪ್ರತಿ ಪ್ರಾಣಿಗೂ ಒಂದು ದೂರ ಇರುತ್ತದೆ, ಅದಕ್ಕಿಂತ ಹತ್ತಿರ ಯಾರಾದರೂ ಬಂದರೆ ಅದು ಓಡಿಹೋಗಬೇಕು, ಓಡಲು ಜಾಗ ಇಲ್ಲದಿದ್ದರೆ ಕಂಗೆಡುತ್ತದೆ. ಆವರಣ ಖಾಲಿ ಕಂಡರೆ ಹಣ ವ್ಯರ್ಥವಾಯಿತು ಎಂದು ಬೇಸರಪಡಬೇಡಿ. ಅಲ್ಲಿರುವ ಪ್ರಾಣಿಗೆ ಆಯ್ಕೆ ಇದೆ ಎಂದು ಅರ್ಥ. ಕಂಬಿಗಳ ಬದಲು ಕಂದಕ ತೋಡಿ ಪ್ರಾಣಿಗಳನ್ನು ಬಯಲಲ್ಲಿ ತೋರಿಸುವ ಕ್ರಮ ಹರಡಿದ್ದು 1907ರಲ್ಲಿ ಕಾರ್ಲ್ ಹಾಗೆನ್‌ಬೆಕ್ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತೆರೆದ ಮೃಗಾಲಯದಿಂದ. ನೋಡಲು ಅದು ಚಂದ. ಆದರೆ ನೆರಳು, ನೀರು, ಹತ್ತಲು ಎತ್ತರ, ಗುಂಪಿನಲ್ಲಿ ಬಾಳುವ ಪ್ರಾಣಿಗೆ ಜೊತೆ, ಇವು ನೋಟಕ್ಕಿಂತ ಮುಖ್ಯ. ಹುಲಿಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳಿ ಎನ್ನುವ ಜಾಗದಿಂದ ಹಾಗೇ ಹೊರಗೆ ಬಂದುಬಿಡಿ. ಅಲ್ಲಿ ಮರಿಯನ್ನು ತಾಯಿಯಿಂದ ಬೇಗ ಬೇರ್ಪಡಿಸಿರುತ್ತಾರೆ, ಕೆಲವೇ ತಿಂಗಳಲ್ಲಿ ಅದು ದೊಡ್ಡದಾಗಿ ಮಡಿಲಿಗೆ ಸಲ್ಲದಾಗುತ್ತದೆ. ಮುಂದೆ ಅದರ ಗತಿ ಏನು ಎಂದು ಕೇಳಿ ನೋಡಿ.

ಆಡು, ಕುರಿ ಮುಟ್ಟಲು ಬಿಡುವ ಕಡೆ ಹೋದರೆ ಹೊರಬಂದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ. ಇ ಕೋಲೈ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಆರೋಗ್ಯವಾಗಿ ಕಾಣುವ ಪ್ರಾಣಿಯ ಮೈ ಮೇಲೂ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚು ಅಪಾಯ.

ಇನ್ನು ಅಕ್ವೇರಿಯಂ. 1853ರಲ್ಲಿ ಲಂಡನ್ ಮೃಗಾಲಯದೊಳಗೆ ಮೊದಲ ಸಾರ್ವಜನಿಕ ಅಕ್ವೇರಿಯಂ ಶುರುವಾದಾಗ ಜನರಿಗೆ ಮೀನನ್ನು ಪಕ್ಕದಿಂದ ನೋಡುವುದೇ ಹೊಸದು. ಅದುವರೆಗೆ ಮೇಲಿನಿಂದ ನೋಡಿಯಷ್ಟೇ ಅಭ್ಯಾಸ. ಇವತ್ತಿಗೂ ನನಗೆ ಆ ಪಕ್ಕದ ನೋಟವೇ ಬೆರಗು. ದೊಡ್ಡ ಅಕ್ವೇರಿಯಂಗಳಲ್ಲಿ ಎಲ್ಲರೂ ನೇರ ಶಾರ್ಕ್ ತೊಟ್ಟಿಗೆ ಓಡುತ್ತಾರೆ. ನೀವು ಸಣ್ಣ ತೊಟ್ಟಿಗಳಿಂದ ಶುರು ಮಾಡಿ. ಕಡಲ್ಗುದುರೆಗಳಲ್ಲಿ ಮರಿಗಳನ್ನು ಹೊರುವುದು ಅಪ್ಪ, ಹೊಟ್ಟೆಯ ಚೀಲದಲ್ಲಿ. ಕ್ಲೌನ್ ಮೀನಿನ ಗುಂಪಿನಲ್ಲಿ ಹೆಣ್ಣು ಸತ್ತರೆ ದೊಡ್ಡ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಆಕ್ಟೋಪಸ್‌ಗೆ ಮೂರು ಹೃದಯ, ರಕ್ತ ನೀಲಿ. ಅದರ ತೊಟ್ಟಿ ಖಾಲಿ ಕಂಡರೆ ಮೂಲೆಯ ಕಲ್ಲಿನ ಸಂದು, ಗಾಜಿನ ಅಂಚು ಹುಡುಕಿ. ಜೆಲ್ಲಿ ಮೀನಿನ ತೊಟ್ಟಿ ಒಳಗೆ ದುಂಡಗಿರುತ್ತದೆ, ಮೂಲೆಯೇ ಇರುವುದಿಲ್ಲ. ಯಾಕೆ ಎಂದು ಮಗುವನ್ನೇ ಕೇಳಿ. ನೀರು ಒಯ್ದ ಕಡೆ ತೇಲುವ ಪ್ರಾಣಿ ಮೂಲೆಗೆ ಸಿಕ್ಕಿಬಿದ್ದರೆ ಹರಿದುಹೋಗುತ್ತದೆ. ಅದಕ್ಕೇ ನೀರನ್ನು ಸದಾ ಮೆಲ್ಲಗೆ ಸುತ್ತಿಸುತ್ತಿರುತ್ತಾರೆ.

ಗಾಜು ಬಡಿಯಬೇಡಿ ಎಂದು ಹೇಳುವಾಗ ಕಾರಣವನ್ನೂ ಹೇಳಿ, ಮಕ್ಕಳು ಕೇಳುತ್ತಾರೆ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. ಮೀನಿಗೆ ಮೈಯ ಎರಡೂ ಪಕ್ಕದಲ್ಲಿ ನೀರಿನ ಅಲುಗಾಟ ತಿಳಿಯುವ ಒಂದು ಗೆರೆಯೇ ಇದೆ. ನಮ್ಮ ಬೆರಳಿನ ಪೆಟ್ಟು ಅದಕ್ಕೆ ಕಿವಿಗೂ ಬಡಿಯುತ್ತದೆ, ಮೈಗೂ ಬಡಿಯುತ್ತದೆ. ಫ್ಲಾಶ್ ಬೇಡ, ಹೆಚ್ಚಿನ ಮೀನುಗಳಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ಇನ್ನೊಂದು ಮಜಾ ಇದೆ. ಚಪ್ಪಟೆ ಗಾಜಿನ ಮೂಲಕ ನೋಡುವಾಗ ನೀರೊಳಗಿನದು ಸುಮಾರು ಕಾಲು ಭಾಗ ಹತ್ತಿರ, ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಶಾರ್ಕ್ ಎಷ್ಟು ಉದ್ದ ಎಂದು ಊಹಿಸಿ, ಆಮೇಲೆ ಫಲಕ ನೋಡಿ. ಎಲ್ಲರೂ ಜಾಸ್ತಿಯೇ ಹೇಳಿರುತ್ತಾರೆ.

ಮುಟ್ಟಲು ಬಿಡುವ ತೊಟ್ಟಿಯಲ್ಲಿ ಕೈ ಮೊದಲು ತೊಳೆದು, ಒದ್ದೆ ಮಾಡಿ, ಎರಡು ಬೆರಳಲ್ಲಿ ಮೆಲ್ಲಗೆ ಸವರಬೇಕು. ಎತ್ತಬಾರದು. ಕ್ರೀಮು, ಸ್ಯಾನಿಟೈಸರ್ ಹಚ್ಚಿದ ಕೈ ನೀರಿಗೆ ಹೋಗಬಾರದು. ಅಕ್ವೇರಿಯಂ ಒಳಗೆ ಕತ್ತಲೆ ಇರುತ್ತದೆ, ಜನ ಇರುತ್ತಾರೆ. ಮಕ್ಕಳು ತಪ್ಪಿಸಿಕೊಳ್ಳುವುದು ಇಲ್ಲೇ ಜಾಸ್ತಿ. ಬೆಳಿಗ್ಗೆ ಹೊರಡುವಾಗ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಿಯ ಬಣ್ಣ ಗಾಬರಿಯಲ್ಲಿ ನೆನಪಾಗುವುದಿಲ್ಲ.

ಪ್ರಾಣಿಗಳನ್ನು ಕೂಡಿಹಾಕುವುದು ಸರಿಯೇ ಎಂದು ದೊಡ್ಡ ಮಕ್ಕಳು ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೇನೆ. ಒಂದೇ ಉತ್ತರ ನನ್ನ ಬಳಿ ಇಲ್ಲ. ಆದರೆ ಅರೇಬಿಯನ್ ಆರಿಕ್ಸ್ ಎಂಬ ಉದ್ದ ಕೊಂಬಿನ, ಜಿಂಕೆಯಂಥ ಪ್ರಾಣಿಯ ಕಥೆ ಹೇಳುತ್ತೇನೆ. 1972ರಲ್ಲಿ ಕಾಡಿನ ಕೊನೆಯ ಆರಿಕ್ಸ್‌ಗಳು ಬೇಟೆಗೆ ಬಲಿಯಾದವು. ಉಳಿದಿದ್ದವು ಮೃಗಾಲಯಗಳಲ್ಲಿ ಮತ್ತು ಕೆಲವರ ಸ್ವಂತ ಸಂಗ್ರಹಗಳಲ್ಲಿ. ಅವುಗಳ ಸಂತತಿಯನ್ನೇ 1982ರಲ್ಲಿ ಒಮಾನ್‌ನ ಮರುಭೂಮಿಗೆ ಬಿಟ್ಟರು. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದು 1982ರಲ್ಲಿ ಇಡೀ ಜಗತ್ತಿನಲ್ಲಿ 22 ಮಾತ್ರ ಉಳಿದಿತ್ತು. ಮರಿಗಳು ಮನುಷ್ಯರಿಗೆ ಹೊಂದಿಕೊಳ್ಳಬಾರದೆಂದು ಅವನ್ನು ನೋಡಿಕೊಳ್ಳುವ ಕೀಪರ್‌ಗಳು ಕೈಗೆ ಕಾಂಡೋರ್ ತಲೆಯ ಗೊಂಬೆ ತೊಟ್ಟು ತುತ್ತು ಕೊಟ್ಟು ಬೆಳೆಸಿದರು. 1992ರಿಂದ ಅವನ್ನು ಮತ್ತೆ ಆಕಾಶಕ್ಕೆ ಬಿಡಲು ಶುರು ಮಾಡಿದರು. ಎಲ್ಲ ಮೃಗಾಲಯಗಳೂ ಇಂಥ ಕೆಲಸ ಮಾಡುವುದಿಲ್ಲ. ನೀವು ಹೋದಲ್ಲಿ ಏನು ನಡೆಯುತ್ತಿದೆ ಎಂದು ಕೀಪರ್‌ಗಳನ್ನು ಕೇಳಿ. ಮಾಡುವವರು ಖುಷಿಯಿಂದ ಹೇಳುತ್ತಾರೆ.

ಹೋದ ವರ್ಷ ಒಂದು ಸಂಜೆ ಹುಲಿ ಆವರಣದ ಹತ್ತಿರ ಇದ್ದೆ. ಹುಲಿ ಬೆನ್ನು ತೋರಿಸಿ ಮಲಗಿತ್ತು. ಬಂದವರೆಲ್ಲ "ಮಲಗಿದೆ, ನಡೀರಿ" ಎಂದು ಮುಂದೆ ಹೋಗುತ್ತಿದ್ದರು. ಎಂಟು ವರ್ಷ ಇರಬಹುದಾದ ಒಬ್ಬಳು ಹುಡುಗಿ ಮಾತ್ರ ತಾತನ ಜೊತೆ ಬೆಂಚಿನ ಮೇಲೆ ಕೂತೇ ಇದ್ದಳು. ನನ್ನ ಅಂಗಿಯ ಮೇಲಿನ ಬ್ಯಾಡ್ಜ್ ನೋಡಿ ಕರೆದಳು. "ಅಂಕಲ್, ಅದು ನಿದ್ದೆ ಮಾಡ್ತಿಲ್ಲ. ಕಿವಿ ಹಿಂದೆ ಬಿಳಿ ಚುಕ್ಕೆ ಇದೆಯಲ್ಲ, ಅದನ್ನ ನೋಡಿ. ತಾತ ಕೆಮ್ಮಿದ್ರೆ ಒಂದು ಕಿವಿ ಈ ಕಡೆ ತಿರುಗುತ್ತೆ."

ತಾತ ಕೆಮ್ಮಿದರು. ಎಡಗಿವಿ ತಿರುಗಿತು. ಅಷ್ಟರಲ್ಲಿ ಹಿಂದಿನ ಮನೆಯಲ್ಲಿ ಕೀಪರ್ ಬೀಗ ತೆಗೆದ ಸದ್ದು ಸಣ್ಣಗೆ ಕೇಳಿಸಿತು. ಎರಡೂ ಬಿಳಿ ಚುಕ್ಕೆಗಳು ಒಟ್ಟಿಗೇ ಹೊರಳಿದವು.

"ಈಗ ಏಳುತ್ತೆ" ಎಂದಳು. ಹುಲಿ ಎದ್ದಿತು.