ಗೇಟ್ ತೆಗೆದರು, ಗೇಟ್ ತೆಗದಾರ: ಇಂಗ್ಲಿಷಿನ ರೆಗ್ಯುಲರ್ ಕ್ರಿಯಾಪದಗಳ ಟಿಪ್ಪಣಿ

ಕನ್ನಡ ಮಾಧ್ಯಮದಲ್ಲಿ ಓದಿ, ಈಗ ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸಿರುವವರಿಗಾಗಿ ಈ ಟಿಪ್ಪಣಿ. ಗೋ, ವೆಂಟ್, ಗಾನ್ ಥರದ ಹಟಮಾರಿಗಳನ್ನು ಬಾಯಿಪಾಠ ಮಾಡಲೇಬೇಕು, ಅವು ಇಲ್ಲಿಲ್ಲ. ಇಲ್ಲಿರುವವು ವರ್ಕ್, ಓಪನ್, ಸ್ಟಡಿ ಥರದ, ನಿಯಮ ಮೀರದ ಕ್ರಿಯಾಪದಗಳು. ಇವಕ್ಕೆ ನಾಲ್ಕೇ ರೂಪ: ವರ್ಕ್, ವರ್ಕ್ಸ್, ವರ್ಕ್ಡ್, ವರ್ಕಿಂಗ್. ಉಳಿದ ಭಾರವನ್ನು ಡು, ಹ್ಯಾವ್, ಬಿ, ವಿಲ್ ಹೊರುತ್ತವೆ.

ಹಾಗೆ ನೋಡಿದರೆ ಕನ್ನಡವೇ ಕಠಿಣ. ದುಡಿದೆ, ದುಡಿದೆವು, ದುಡಿದ, ದುಡಿದಳು, ದುಡಿಯಿತು, ದುಡಿದರು, ಇಷ್ಟಕ್ಕೂ ಇಂಗ್ಲಿಷಿನಲ್ಲಿ ವರ್ಕ್ಡ್ ಒಂದೇ. ಆದ್ದರಿಂದಲೇ ಅಲ್ಲಿ ಕರ್ತೃಪದ ಬಿಡುವಂತಿಲ್ಲ. ‘ನಿನ್ನೆ ದುಡಿದಳು’ ಅಂದರೆ ನಮಗೆ ಸಾಕು. ಅಲ್ಲಿ ಶಿ ಇಲ್ಲದಿದ್ದರೆ ದುಡಿದದ್ದು ಯಾರೆಂದೇ ತಿಳಿಯದು. ವರ್ತಮಾನದಲ್ಲಿ ಮಾತ್ರ ಹಿ, ಶಿ, ಇಟ್ ಬಂದಾಗ ಒಂದು ಎಸ್ ಹತ್ತುತ್ತದೆ. ವಾಚ್, ವಾಶ್‌ಗಳಿಗೆ ಇ-ಎಸ್. ಸ್ಟಡಿಯ ಕೊನೆಯ ವೈ ಹೋಗಿ ಐ-ಇ-ಎಸ್.

ಭೂತಕಾಲಕ್ಕೆ ಇ-ಡಿ. ಕೊನೆಗೆ ಇ ಇದ್ದರೆ ಡಿ ಒಂದೇ ಸಾಕು: ಔರಂಗಜೇಬ್ ಕ್ಯಾಪ್ಚರ್ಡ್ ಬಿಜಾಪುರ್ ಇನ್ 1686. ಸ್ಟಾಪ್‌ನಂಥ ಚಿಕ್ಕ ಪದದಲ್ಲಿ ಕೊನೆಯ ಪಿ ಎರಡಾಗುತ್ತದೆ. ಉದ್ದದ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಅಡ್ಮಿಟ್‌ನಲ್ಲಿ ಒತ್ತು ಕೊನೆಗೆ, ಅದಕ್ಕೆ ಟಿ ಎರಡು. ವಿಸಿಟ್‌ನಲ್ಲಿ ಮೊದಲಿಗೆ, ಅಲ್ಲಿ ಟಿ ಒಂದೇ. ಟ್ರಾವೆಲ್ ಈ ನಿಯಮಕ್ಕೆ ಸೊಪ್ಪು ಹಾಕದೆ ಬ್ರಿಟಿಷ್ ಬರವಣಿಗೆಯಲ್ಲಿ ಎಲ್ ಎರಡು ಮಾಡಿಕೊಳ್ಳುತ್ತದೆ. ನಮ್ಮ ಪುಸ್ತಕಗಳಲ್ಲಿ ಬರುವುದೂ ಹಾಗೆಯೇ.

ಇನ್ನು ಉಚ್ಚಾರ. ನಮ್ಮವರು ‘ವಾಕೆಡ್’, ‘ಕುಕ್ಕೆಡ್’ ಎನ್ನುತ್ತಾರೆ. ಇದಕ್ಕೆ ಕನ್ನಡ ವರ್ಣಮಾಲೆಯೇ ಸಾಕು. ಕ, ಚ, ಪ ಇವು ತಂತಮ್ಮ ವರ್ಗದ ಮೊದಲ ಅಕ್ಷರಗಳು, ಅಘೋಷ, ಅಂದರೆ ಅನ್ನುವಾಗ ಗಂಟಲು ಕಂಪಿಸದು. ಪದದ ಕೊನೆಗೆ ಇಂಥ ಸದ್ದು ಅಥವಾ ಸ್, ಶ್, ಫ್ ಕೇಳಿಸಿದರೆ ಇ-ಡಿ ‘ಟ್’ ಆಗುತ್ತದೆ: ವಾಕ್ಟ್, ಹೆಲ್ಪ್ಟ್, ವಾಶ್ಟ್. ಗ, ಜ, ಬ ಇವು ವರ್ಗದ ಮೂರನೆಯವು, ಘೋಷ, ಇಲ್ಲಿ ಗಂಟಲು ಕಂಪಿಸುತ್ತದೆ. ಇವು, ಅನುನಾಸಿಕಗಳು, ಸ್ವರ, ಲ, ವ, ಇಂಥವು ಬಂದರೆ ‘ಡ್’: ಓಪನ್ಡ್, ಕಾಲ್ಡ್, ಪ್ಲೇಡ್. ಪದವೇ ಟಿ ಅಥವಾ ಡಿ ಸದ್ದಿನಲ್ಲಿ ಮುಗಿದಿದ್ದರೆ ಮಾತ್ರ ಒಂದು ಸ್ವರ ಸೇರಿ ‘ಇಡ್’ ಆಗುತ್ತದೆ: ವಾಂಟಿಡ್, ನೀಡಿಡ್. ಮೇಲೆ ವರ್ಕ್ಡ್ ಎಂದು ಬರೆದದ್ದು ಕಾಗುಣಿತ ತೋರಿಸಲಿಕ್ಕೆ. ಅಂದಾಗ ಅದು ವರ್ಕ್ಟ್.

ಹೆಚ್ಚು ಜನ ಎಡವುವುದು ಹ್ಯಾವ್, ಹ್ಯಾಡ್‌ಗಳಲ್ಲಿ. ಇದು ನನಗೆ ಸೋಜಿಗ, ಏಕೆಂದರೆ ನಮ್ಮ ಕಡೆಯ ಮಾತಿನಲ್ಲಿ ಈ ಭೇದ ದಿನವೂ ಬಳಕೆಯಲ್ಲಿದೆ. ಮಳೆಗಾಲದಲ್ಲಿ ಕೃಷ್ಣಾ ತೀರದ ಊರುಗಳಲ್ಲಿ ಕೇಳಿ. ‘ಆಲಮಟ್ಟಿ ಗೇಟ್ ತೆಗದಾರ’ ಅಂದರೆ ಅಣೆಕಟ್ಟಿನ ನೀರು ಈಗ ಬರುತ್ತಿದೆ, ಹೊಳೆ ದಂಡೆಗೆ ಹೋಗಬೇಡಿ ಎಂದರ್ಥ: ದೇ ಹ್ಯಾವ್ ಓಪನ್ಡ್ ದ ಗೇಟ್ಸ್. ‘ಗೇಟ್ ತೆಗೆದರು’ ಅಂದರೆ ನಡೆದ ಸಂಗತಿ ಹೇಳಿದಂತಾಯಿತು, ಗೇಟ್ ಈಗ ಮುಚ್ಚಿರಲೂಬಹುದು: ದೇ ಓಪನ್ಡ್ ದ ಗೇಟ್ಸ್. ‘ನಾವು ಹೋಗೂದ್ರಾಗ ತೆಗದಿದ್ರು’ ಅಂದರೆ ಇನ್ನೊಂದು ಘಟನೆಗಿಂತ ಮುಂಚೆ ಆದದ್ದು: ದೇ ಹ್ಯಾಡ್ ಓಪನ್ಡ್ ದೆಮ್. ಬಾಯಿಗೆ ‘ತೆಗದಾರ’, ‘ಬಂದೈತಿ’, ‘ಮುಗದೈತಿ’ ಬಂತೆಂದರೆ ಹ್ಯಾವ್ ಅಥವಾ ಹ್ಯಾಸ್ ಹಾಕಿ. ಹತ್ತಕ್ಕೆ ಎಂಟು ಸಲ ಸರಿಯಾಗುತ್ತದೆ.

ಉಳಿದ ಎರಡರಲ್ಲಿ ಹುಷಾರಾಗಿರಬೇಕು. ‘ನಿನ್ನೆ ಗೇಟ್ ತೆಗದಾರ’ ಎನ್ನಲು ನಮಗೆ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ನಿನ್ನೆ, ಹೋದ ವಾರ, 2014 ಎಂದು ಮುಗಿದ ಕಾಲದ ಹೆಸರು ಬಂತೋ, ಹ್ಯಾವ್ ಜಾಗ ಬಿಡಬೇಕು. ದ ಗವರ್ನ್‌ಮೆಂಟ್ ಹ್ಯಾಸ್ ರೀನೇಮ್ಡ್ ಬಿಜಾಪುರ್ ಸರಿ. ಇನ್ 2014 ಸೇರಿಸಿದ ಕೂಡಲೇ ರೀನೇಮ್ಡ್ ಅಷ್ಟೇ. ಇನ್ನೊಂದು, ‘ಮುಂಜಾನಿಂದ ಕಾಯಾಕತ್ತೀವಿ’. ಇದನ್ನು ವಿ ಆರ್ ವೇಟಿಂಗ್ ಸಿನ್ಸ್ ಮಾರ್ನಿಂಗ್ ಮಾಡುವುದು ನಮ್ಮೆಲ್ಲರ ರೂಢಿ. ಆಗಿನಿಂದ ಈಗಿನವರೆಗೆ ಎಳೆದು ಬಂದ ಕೆಲಸಕ್ಕೆ ಬೇಕಾದದ್ದು ವಿ ಹ್ಯಾವ್ ಬೀನ್ ವೇಟಿಂಗ್.

ಡಿಡ್ ಬಂದಾಗ ಇ-ಡಿ ಹೋಗುತ್ತದೆ. ಭೂತಕಾಲವನ್ನು ಡಿಡ್ ಹೊತ್ತಾಯಿತು, ಎರಡು ಸಲ ಬೇಡ. ದೇ ಡಿಡ್ ನಾಟ್ ಓಪನ್. ಡಿಡ್ ದೇ ಓಪನ್? ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಹುಡುಕುವ ಪ್ರಶ್ನೆ ಕಂಡರೆ ಮೊದಲು ಇದನ್ನೇ ನೋಡಿ.

ಭವಿಷ್ಯತ್ತಿಗೆ ವಿಲ್ ಮತ್ತು ಮೂಲ ರೂಪ. ಸುಲಭ ಅನ್ನಿಸಿದರೂ ವಿಲ್ ಬಿಟ್ಟುಹೋಗುತ್ತದೆ, ಏಕೆಂದರೆ ನಮಗೆ ‘ವರ್ಷಾ (ಪ್ರತಿ ವರ್ಷ) ತೆಗೀತಾರ’, ‘ನಾಳೆ ತೆಗೀತಾರ’ ಎರಡಕ್ಕೂ ಕ್ರಿಯಾಪದ ಒಂದೇ. ಅಲ್ಲಿ ಮೊದಲನೆಯದು ದೇ ಓಪನ್, ಎರಡನೆಯದು ದೇ ವಿಲ್ ಓಪನ್.

ಈಗ ಓಪನ್ ಬಿಟ್ಟು ಕ್ಲೋಸ್ ಹಿಡಿಯಿರಿ. ಕೊನೆಗೆ ಇ ಇದೆ, ಸದ್ದು ಘೋಷ. ಬರೆಯುವುದು, ಅನ್ನುವುದು ಎರಡನ್ನೂ ನೀವೇ ತೀರ್ಮಾನಿಸಿ ಈ ನಾಲ್ಕನ್ನು ಇಂಗ್ಲಿಷಿಗೆ ತನ್ನಿ: ಗೇಟ್ ಮುಚ್ಚ್ಯಾರ. ನಿನ್ನೆ ಮುಚ್ಚಿದರು. ನಿನ್ನೆ ಮುಚ್ಚಲಿಲ್ಲ. ನಾಳೆ ಮುಚ್ತಾರ.