ಡಿಪೆಂಡೆನ್ಸಿ: ಲೈಬ್ರರಿ ಇದ್ದರೂ 'ಇಲ್ಲ' ಅನ್ನುವುದೇಕೆ?

ಲಿನಕ್ಸ್‌ನಲ್ಲಿ ಸೋರ್ಸ್ ಕೋಡ್ ಕಂಪೈಲ್ ಮಾಡುವಾಗ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವಾಗ, ಏನೇ ಎಡವಟ್ಟಾದರೂ ಅದಕ್ಕೆ 'ಡಿಪೆಂಡೆನ್ಸಿ ಎರರ್' ಎಂದು ಹೆಸರಿಟ್ಟುಬಿಡುವುದು ರೂಢಿಯಾಗಿದೆ. ಹೆಡರ್ (ಲೈಬ್ರರಿಯಲ್ಲಿ, ಅಂದರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್‌ನಲ್ಲಿ, ಏನೇನಿದೆ ಎಂದು ಕಂಪೈಲರ್‌ಗೆ ತಿಳಿಸುವ ಫೈಲ್) ಸಿಗದಿದ್ದರೂ ಡಿಪೆಂಡೆನ್ಸಿ, ಲಿಂಕರ್ (ಪ್ರೋಗ್ರಾಂ ಅನ್ನು ಲೈಬ್ರರಿಗೆ ಜೋಡಿಸುವ ಸಾಧನ) ನಿಂತರೂ ಡಿಪೆಂಡೆನ್ಸಿ, ಆಪ್ಟ್ (ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ಹಾಕುವ ಕಮಾಂಡ್) ಒಂದು ಪ್ಯಾಕೇಜ್ ಹಾಕಲು ಒಪ್ಪದಿದ್ದರೂ ಡಿಪೆಂಡೆನ್ಸಿ. ಹೀಗೆ ಕೇಳಿದವರಿಗೆ ಸಿಗುವ ಉತ್ತರವೂ ಒಂದೇ: 'ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ ಕೊಟ್ಟು ನೋಡಿ'. ಆ ಕಮಾಂಡ್ ಇರುವುದು ಅರ್ಧಕ್ಕೆ ನಿಂತ ಇನ್‌ಸ್ಟಾಲೇಶನ್ ಸರಿಪಡಿಸಲು. ನೀವು ಡೌನ್‌ಲೋಡ್ ಮಾಡಿ ಬಿಚ್ಚಿಟ್ಟ ಸೋರ್ಸ್ ಫೋಲ್ಡರ್‌ಗೆ ಏನು ಬೇಕು ಎಂಬುದು ಆಪ್ಟ್‌ಗೆ ತಿಳಿಯುವ ದಾರಿಯೇ ಇಲ್ಲ.

ಒಂದು ಪ್ರೋಗ್ರಾಂ ಇನ್ನೊಂದರ ಮೇಲೆ ಅವಲಂಬಿತ ಎಂಬಷ್ಟು ಅರ್ಥ ಎಲ್ಲರಿಗೂ ಗೊತ್ತಿದೆ. ಗೊಂದಲ ಇರುವುದು 'ಯಾವಾಗ' ಅವಲಂಬಿತ ಎಂಬಲ್ಲಿ. ಕಂಪೈಲ್ ಮಾಡುವಾಗ ಬೇಕಾದದ್ದು ಬಿಲ್ಡ್ ಡಿಪೆಂಡೆನ್ಸಿ. ತಯಾರಾದ ಪ್ರೋಗ್ರಾಂ ಓಡುವಾಗ ಬೇಕಾದದ್ದು ರನ್‌ಟೈಮ್ ಡಿಪೆಂಡೆನ್ಸಿ. ಎರಡೂ ಒಂದೇ ಲೈಬ್ರರಿಯದ್ದಾಗಿರಬಹುದು, ಆದರೆ ಡೆಬಿಯನ್, ಉಬುಂಟು, ಫೆಡೋರಾ ಎಂಬ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆಬೇರೆ ವಿತರಣೆಗಳಲ್ಲಿ) ಅವು ಬೇರೆಬೇರೆ ಪ್ಯಾಕೇಜ್‌ಗಳಲ್ಲಿರುತ್ತವೆ.

'ಓಪನ್‌ಎಸ್‌ಎಸ್‌ಎಲ್ ಇನ್‌ಸ್ಟಾಲ್ ಆಗಿದೆ, ವರ್ಷನ್ ಕೇಳಿದರೆ ಹೇಳುತ್ತದೆ, ಆದರೂ ಕಂಪೈಲರ್ ಇಲ್ಲ ಅನ್ನುತ್ತಿದೆ' ಎಂಬ ದೂರನ್ನೇ ತೆಗೆದುಕೊಳ್ಳಿ. ಓಪನ್‌ಎಸ್‌ಎಸ್‌ಎಲ್ ಅಂದರೆ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಲೈಬ್ರರಿ. ಉಬುಂಟು 22.04ರಲ್ಲಿ ಈ ಹೆಸರಿನ ಹಿಂದೆ ಮೂರು ಪ್ಯಾಕೇಜ್‌ಗಳಿವೆ. 'ಓಪನ್‌ಎಸ್‌ಎಸ್‌ಎಲ್' ಎಂಬುದರಲ್ಲಿ ಇರುವುದು ಟರ್ಮಿನಲ್‌ನಲ್ಲಿ ಬಳಸುವ ಕಮಾಂಡ್. ವರ್ಷನ್ ಹೇಳಿದ್ದು ಅದು. 'ಲಿಬ್‌ಎಸ್‌ಎಸ್‌ಎಲ್3' ಎಂಬುದರಲ್ಲಿ ಇರುವುದು ಓಡುವ ಪ್ರೋಗ್ರಾಂಗಳು ಮೆಮೊರಿಗೆ ಎಳೆದುಕೊಳ್ಳುವ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3 ಫೈಲ್. ಕಂಪೈಲರ್ ಹುಡುಕುವುದು ಇವೆರಡನ್ನೂ ಅಲ್ಲ, 'ಲಿಬ್‌ಎಸ್‌ಎಸ್‌ಎಲ್-ಡೆವ್' ಪ್ಯಾಕೇಜ್‌ನಲ್ಲಿರುವ ಫೈಲ್‌ಗಳನ್ನು: /ಯುಎಸ್‌ಆರ್/ಇನ್‌ಕ್ಲೂಡ್/ಓಪನ್‌ಎಸ್‌ಎಸ್‌ಎಲ್ ಒಳಗಿನ ಹೆಡರ್‌ಗಳು, ಕೊನೆಗೆ ಅಂಕಿ ಇಲ್ಲದ ಲಿಬ್‌ಎಸ್‌ಎಸ್‌ಎಲ್.ಎಸ್‌ಒ ಎಂಬ ಸಿಮ್‌ಲಿಂಕ್ (ಇನ್ನೊಂದು ಫೈಲ್‌ನ ಕಡೆಗೆ ತೋರಿಸುವ ಹೆಸರು), ಮತ್ತು ಪಿಕೆಜಿ-ಕಾನ್ಫಿಗ್ (ಲೈಬ್ರರಿ ಎಲ್ಲಿದೆ ಎಂದು ಹೇಳುವ ಸಾಧನ) ಓದುವ .ಪಿಸಿ ಫೈಲ್. ಲಿಂಕರ್‌ಗೆ '-ಎಲ್‌ಎಸ್‌ಎಸ್‌ಎಲ್' ಎಂದು ಕೊಟ್ಟಾಗ ಅದು ಹುಡುಕುವುದು ಆ ಅಂಕಿ ಇಲ್ಲದ ಹೆಸರನ್ನೇ. ಪಕ್ಕದಲ್ಲೇ .ಎಸ್‌ಒ.3 ಇದ್ದರೂ ಅದನ್ನು ಮುಟ್ಟುವುದಿಲ್ಲ.

ಹೀಗೆ ಬೇರ್ಪಡಿಸಿರುವುದಕ್ಕೆ ಕಾರಣವಿದೆ. ಬರೀ ಪ್ರೋಗ್ರಾಂ ಓಡಿಸುವ ಸರ್ವರ್‌ಗೆ ಹೆಡರ್‌ಗಳ ಗೊಡವೆ ಬೇಡ. ಒಂದೇ ಲೈಬ್ರರಿಯ ಹಳೆಯ .ಎಸ್‌ಒ, ಹೊಸ .ಎಸ್‌ಒ ಎರಡೂ ಒಂದೇ ಯಂತ್ರದಲ್ಲಿ ಇರಬಹುದು, ಆದರೆ ಅಂಕಿ ಇಲ್ಲದ ಸಿಮ್‌ಲಿಂಕ್ ಒಂದರ ಕಡೆಗೆ ಮಾತ್ರ ತೋರಿಸಬಲ್ಲದು. ಫೆಡೋರಾದಲ್ಲಿ ಇದೇ ಪ್ಯಾಕೇಜ್ 'ಓಪನ್‌ಎಸ್‌ಎಸ್‌ಎಲ್-ಡೆವೆಲ್'. ಆರ್ಚ್ ಲಿನಕ್ಸ್ ಹೀಗೆ ಬೇರ್ಪಡಿಸುವುದಿಲ್ಲ, ಹೆಡರ್‌ಗಳೂ ಮುಖ್ಯ ಪ್ಯಾಕೇಜ್‌ನಲ್ಲೇ ಬರುತ್ತವೆ. ಆರ್ಚ್ ಬಳಸುವವರು ಕೊಟ್ಟ ಸಲಹೆಯನ್ನು ಉಬುಂಟುವಿನಲ್ಲಿ ಹಾಗೇ ಒತ್ತಿ 'ಆಗಲಿಲ್ಲ' ಅನ್ನುವವರು ಇದನ್ನು ಗಮನಿಸಬೇಕು. ಉಬುಂಟು 24.04ರಲ್ಲಿ ಲಿಬ್‌ಎಸ್‌ಎಸ್‌ಎಲ್3ರ ಹೆಸರು 'ಲಿಬ್‌ಎಸ್‌ಎಸ್‌ಎಲ್3ಟಿ64' ಎಂದಾಗಿದೆ. 32 ಬಿಟ್ ಸಮಯದ ಲೆಕ್ಕ 2038ರಲ್ಲಿ ಮುಗಿದುಹೋಗುವ ತೊಡಕಿಗಾಗಿ 64 ಬಿಟ್ ಸಮಯಕ್ಕೆ ದಾಟುವಾಗ ಸೇರಿದ ಬಾಲ ಅದು. ಡೆವ್ ಪ್ಯಾಕೇಜ್‌ನ ಹೆಸರು ಬದಲಾಗಿಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ದೂರುತ್ತಿರುವುದು ಯಾರು ಎಂಬುದನ್ನು. 'ಫೇಟಲ್ ಎರರ್: ಓಪನ್‌ಎಸ್‌ಎಸ್‌ಎಲ್/ಎಸ್‌ಎಸ್‌ಎಲ್.ಎಚ್: ನೋ ಸಚ್ ಫೈಲ್' ಅಂದರೆ ಕಂಪೈಲರ್‌ಗೆ ಹೆಡರ್ ಸಿಕ್ಕಿಲ್ಲ. 'ಎಲ್‌ಡಿ: ಕೆನಾಟ್ ಫೈಂಡ್ -ಎಲ್‌ಎಸ್‌ಎಸ್‌ಎಲ್' ಅಂದರೆ ಲಿಂಕರ್‌ಗೆ ಸಿಮ್‌ಲಿಂಕ್ ಸಿಕ್ಕಿಲ್ಲ. ಎರಡಕ್ಕೂ ಡೆವ್ ಪ್ಯಾಕೇಜ್ ಬೇಕು. 'ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್' ಬಂದರೆ ಕಂಪೈಲ್ ಮುಗಿದಿದೆ, ಓಡಿಸುವಾಗ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್‌ಗೆ ಅಂಕಿ ಇರುವ .ಎಸ್‌ಒ ಸಿಕ್ಕಿಲ್ಲ. ಅಲ್ಲಿ ಡೆವ್ ಪ್ಯಾಕೇಜ್ ಹುಡುಕುವುದು ದಾರಿ ತಪ್ಪಿದಂತೆ. ಎಲ್‌ಡಿಡಿ ಕಮಾಂಡಿಗೆ ಪ್ರೋಗ್ರಾಂನ ಹೆಸರು ಕೊಟ್ಟರೆ ಯಾವುದರ ಎದುರು 'ನಾಟ್ ಫೌಂಡ್' ಇದೆ ಎಂದು ತೋರಿಸುತ್ತದೆ. ಲೈಬ್ರರಿಯನ್ನು ನೀವೇ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಹಾಕಿದ್ದರೆ ಲೋಡರ್ ನೋಡುವ ಪಟ್ಟಿ ಹೊಸದಾಗಲು ಸುಡೋ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿ. ಫೆಡೋರಾದಲ್ಲಿ ಆ ಜಾಗ ಹುಡುಕುವ ಪಟ್ಟಿಯಲ್ಲೇ ಇರುವುದಿಲ್ಲ, /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ ಒಂದು .ಕಾನ್ಫ್ ಫೈಲ್ ಮಾಡಿ ಆ ದಾರಿಯನ್ನು ಬರೆದ ಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು.

ಈ ಹಂತದಲ್ಲಿ ಕೆಲವರು ಕೊಡುವ ಒಂದು ಸಲಹೆ ಅಪಾಯದ್ದು: 'ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಇಲ್ಲ ಅಂದರೆ .ಎಸ್‌ಒ.3ಕ್ಕೆ ಆ ಹೆಸರಿನ ಸಿಮ್‌ಲಿಂಕ್ ಮಾಡಿ'. ದಯವಿಟ್ಟು ಮಾಡಬೇಡಿ. ಆ ಅಂಕಿ ಬದಲಾಗಿರುವುದೇ ಹಳೆಯದಕ್ಕೆ ಕಟ್ಟಿದ ಪ್ರೋಗ್ರಾಂ ಹೊಸದರೊಂದಿಗೆ ಹೊಂದುವುದಿಲ್ಲ ಎಂದು ತಿಳಿಸಲು. ಓಪನ್‌ಎಸ್‌ಎಸ್‌ಎಲ್ ವಿಷಯದಲ್ಲಿ 'ವರ್ಷನ್ ಓಪನ್‌ಎಸ್‌ಎಸ್‌ಎಲ್_1_1_0 ನಾಟ್ ಫೌಂಡ್' ಎಂದು ಲೋಡರ್ ಅಲ್ಲೇ ತಡೆಯುತ್ತದೆ. ಇಂಥ ಗುರುತು ಇಲ್ಲದ ಲೈಬ್ರರಿಗಳಲ್ಲಿ ಪ್ರೋಗ್ರಾಂ ಶುರುವಾಗಿ, ನಡುವೆ ಎಲ್ಲೋ ಕುಸಿಯುತ್ತದೆ. ಸೋರ್ಸ್ ಕೈಯಲ್ಲಿದ್ದರೆ ಈಗಿರುವ ಲೈಬ್ರರಿಗೇ ಮತ್ತೆ ಕಂಪೈಲ್ ಮಾಡುವುದು ಸರಿಯಾದ ದಾರಿ.

'ಪ್ಯಾಕೇಜ್' ಎಂಬ ಮಾತೂ ಇಲ್ಲಿ ಎರಡು ಅರ್ಥ ಹೊತ್ತಿದೆ. ಕಂಪೈಲ್‌ಗೆ ಮುನ್ನ ಬೇಕಾದದ್ದೆಲ್ಲ ಇದೆಯೇ ಎಂದು ನೋಡುವ ಕಾನ್ಫಿಗರ್ ಹಂತದಲ್ಲಿ 'ನೋ ಪ್ಯಾಕೇಜ್ ಜಿಟಿಕೆ+-3.0 ಫೌಂಡ್' ಎಂದು ಬಂದ ಕೂಡಲೇ ಆಪ್ಟ್ ಇನ್‌ಸ್ಟಾಲ್ ಎಂದು ಬರೆದು ಪಕ್ಕಕ್ಕೆ ಅದೇ ಹೆಸರು ಅಂಟಿಸುತ್ತಾರೆ. ಇದನ್ನು ಹೇಳುತ್ತಿರುವುದು ಪಿಕೆಜಿ-ಕಾನ್ಫಿಗ್. ಅದರ ಲೆಕ್ಕದಲ್ಲಿ ಪ್ಯಾಕೇಜ್ ಅಂದರೆ ಜಿಟಿಕೆ+-3.0.ಪಿಸಿ ಎಂಬ ಫೈಲ್. ಆ ಫೈಲ್ ಯಾವ ಪ್ಯಾಕೇಜ್‌ನಲ್ಲಿದೆ ಎಂದು ಡೆಬಿಯನ್, ಉಬುಂಟುಗಳಲ್ಲಿ ಹುಡುಕಲು ಆಪ್ಟ್-ಫೈಲ್ ಹಾಕಿಕೊಳ್ಳಿ, 'ಆಪ್ಟ್-ಫೈಲ್ ಅಪ್‌ಡೇಟ್' ಮಾಡಿ, ನಂತರ 'ಆಪ್ಟ್-ಫೈಲ್ ಸರ್ಚ್' ಪಕ್ಕದಲ್ಲಿ ಫೈಲ್ ಹೆಸರು ಕೊಡಿ. 'ಲಿಬ್‌ಜಿಟಿಕೆ-3-ಡೆವ್' ಎಂದು ಉತ್ತರ ಬರುತ್ತದೆ. ಕಂಪೈಲರ್ ಕೇಳಿದ ಹೆಡರ್‌ಗೂ ಇದೇ ಉಪಾಯ. ಡಿಪಿಕೆಜಿ -ಎಸ್ (ದೊಡ್ಡಕ್ಷರದ ಎಸ್) ಇದಕ್ಕೆ ಬದಲಿಯಲ್ಲ, ಅದು ಈಗಾಗಲೇ ಇನ್‌ಸ್ಟಾಲ್ ಆಗಿರುವುದರಲ್ಲಿ ಮಾತ್ರ ಹುಡುಕುತ್ತದೆ. ಫೆಡೋರಾದವರು 'ಪಿಕೆಜಿಕಾನ್ಫಿಗ್(ಜಿಟಿಕೆ+-3.0)' ಎಂಬುದನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಅಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್ ಇನ್‌ಸ್ಟಾಲ್‌ಗೆ ಕೊಟ್ಟರೆ ಸಾಕು.

ಇನ್ನು ಆಪ್ಟ್‌ನ 'ಅನ್‌ಮೆಟ್ ಡಿಪೆಂಡೆನ್ಸೀಸ್'. ಡೆವ್ ಪ್ಯಾಕೇಜ್ ಹಾಕಲು ಹೋದಾಗ ಇದು ಬರುವುದಕ್ಕೆ ಸಾಮಾನ್ಯ ಕಾರಣ ಹೀಗಿದೆ: ಲಿಬ್‌ಎಸ್‌ಎಸ್‌ಎಲ್-ಡೆವ್ ತನ್ನ ಜೊತೆಗಾರ ಲಿಬ್‌ಎಸ್‌ಎಸ್‌ಎಲ್3ರ ವರ್ಷನ್ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಬೇಕು ಎಂದು ಕೇಳುತ್ತದೆ. ಯಂತ್ರದಲ್ಲಿರುವ ಲೈಬ್ರರಿ ಸೆಕ್ಯುರಿಟಿ ಅಪ್‌ಡೇಟ್‌ನಿಂದ ಬಂದ ಹೊಸದಾಗಿದ್ದು, ಈಗ ಸೋರ್ಸಸ್ ಪಟ್ಟಿಯಲ್ಲಿ (ಆಪ್ಟ್ ಪ್ಯಾಕೇಜ್ ತರುವ ತಾಣಗಳ ಪಟ್ಟಿ) ಸೆಕ್ಯುರಿಟಿ ಮತ್ತು ಅಪ್‌ಡೇಟ್ಸ್ ಸಾಲುಗಳು ಇಲ್ಲದಿದ್ದರೆ ಸಿಗುವ ಡೆವ್ ಹಳೆಯದು. ಎರಡೂ ಹೊಂದುವುದಿಲ್ಲ. 'ಆಪ್ಟ್ ಪಾಲಿಸಿ ಲಿಬ್‌ಎಸ್‌ಎಸ್‌ಎಲ್3 ಲಿಬ್‌ಎಸ್‌ಎಸ್‌ಎಲ್-ಡೆವ್' ಕೊಟ್ಟರೆ ಎರಡರ ವರ್ಷನ್‌ಗಳೂ ಕಣ್ಣೆದುರು ಬರುತ್ತವೆ. ಆ ಸಾಲುಗಳನ್ನು ಮರಳಿ ಸೇರಿಸಿ ಆಪ್ಟ್ ಅಪ್‌ಡೇಟ್ ಮಾಡಿದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಎರರ್ ಬಂದರೆ ಡಿಪೆಂಡೆನ್ಸಿ ಇಲ್ಲ, ಬರದಿದ್ದರೆ ಎಲ್ಲ ಇದೆ ಎಂಬ ನಂಬಿಕೆಯನ್ನೂ ಬಿಡಬೇಕು. ಪೈಥಾನ್ 3.12ನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿದರೆ ಕಂಪೈಲ್ ನಡೆಸುವ ಮೇಕ್ ಕಮಾಂಡ್ ಯಾವ ತಕರಾರೂ ಇಲ್ಲದೆ ಮುಗಿಯುತ್ತದೆ. ಆದರೆ ಕೊನೆಯ ಕೆಲವು ಸಾಲುಗಳಲ್ಲಿ, ಐಚ್ಛಿಕ ಮಾಡ್ಯೂಲ್‌ಗಳಿಗೆ ಬೇಕಾದದ್ದು ಸಿಗಲಿಲ್ಲ ಎಂಬ ಪಟ್ಟಿ ಇರುತ್ತದೆ. ಅದನ್ನು ಓದದೆ ಮುಂದೆ ಹೋದವರಿಗೆ, ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಬಳಸುವಾಗ ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲ ಎಂದು ತಿಳಿಯುತ್ತದೆ. ಲಿಬ್‌ಎಸ್‌ಎಸ್‌ಎಲ್-ಡೆವ್, ಜಡ್‌ಲಿಬ್1ಜಿ-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಬಿಜಡ್2-ಡೆವ್, ಲಿಬ್‌ಎಲ್‌ಜಡ್‌ಎಂಎ-ಡೆವ್, ಲಿಬ್‌ಎಸ್‌ಕ್ಯೂಲೈಟ್3-ಡೆವ್, ಲಿಬ್‌ರೀಡ್‌ಲೈನ್-ಡೆವ್ ಇವಿಷ್ಟನ್ನು ಮೊದಲೇ ಹಾಕಿಕೊಂಡಿದ್ದರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಆಮೇಲೆ ಹಾಕಿದರೆ ಕಟ್ಟಿ ಮುಗಿದ ಪೈಥಾನ್‌ಗೆ ಅದರಿಂದ ಪ್ರಯೋಜನವಿಲ್ಲ. ಮೇಕ್ ಡಿಸ್ಟ್‌ಕ್ಲೀನ್ ಮಾಡಿ ಕಾನ್ಫಿಗರ್‌ನಿಂದಲೇ ಮತ್ತೆ ಶುರುಮಾಡಬೇಕು.

ಡಿಸ್ಟ್ರೋದಲ್ಲೇ ಇರುವ ಪ್ರೋಗ್ರಾಂನ ಹೊಸ ಆವೃತ್ತಿ ಕಟ್ಟುವುದಾದರೆ ಪಟ್ಟಿಯನ್ನು ನೀವೇ ಮಾಡಬೇಕಿಲ್ಲ. 'ಆಪ್ಟ್ ಬಿಲ್ಡ್-ಡೆಪ್ ಟಿಮಕ್ಸ್' ಎಂದರೆ ಟಿಮಕ್ಸ್ (ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ತೆರೆಯುವ ಪ್ರೋಗ್ರಾಂ) ಕಟ್ಟಲು ಡಿಸ್ಟ್ರೋದವರು ಬಳಸಿದ್ದೆಲ್ಲ ಬರುತ್ತದೆ. ಸೋರ್ಸಸ್ ಪಟ್ಟಿಯಲ್ಲಿ ಡೆಬ್-ಎಸ್‌ಆರ್‌ಸಿ (ಸೋರ್ಸ್ ಪ್ಯಾಕೇಜ್‌ಗಳಿಗೆಂದು ಇರುವ ಗುರುತು) ಇರಬೇಕು, ಉಬುಂಟು 24.04ರಲ್ಲಿ ಉಬುಂಟು.ಸೋರ್ಸಸ್ ಫೈಲ್‌ನ 'ಟೈಪ್ಸ್:' ಸಾಲಿಗೆ ಅದನ್ನು ಸೇರಿಸಬೇಕು. ಫೆಡೋರಾದಲ್ಲಿ ಡಿಎನ್‌ಎಫ್ ಬಿಲ್ಡ್‌ಡೆಪ್. ಹೊಸ ಆವೃತ್ತಿ ಹೆಚ್ಚುವರಿಯಾಗಿ ಏನಾದರೂ ಕೇಳಿದರೆ ಅದನ್ನಷ್ಟೇ ಕೈಯಾರೆ ಸೇರಿಸಿದರಾಯಿತು.

ಕೆಲಸ ಮುಗಿದ ಮೇಲೆ ಡೆವ್ ಪ್ಯಾಕೇಜ್‌ಗಳನ್ನು ತೆಗೆಯುವವರು ಬೇಡವಾದ ಪ್ಯಾಕೇಜ್‌ಗಳನ್ನು ತಾನೇ ತೆಗೆಯುವ ಆಪ್ಟ್ ಆಟೋರಿಮೂವ್ ಒತ್ತುವ ಮುನ್ನ ಅದು ತೋರಿಸುವ ಪಟ್ಟಿ ಓದಿ. ಟಿಮಕ್ಸ್ ಕಟ್ಟಲು ಹಾಕಿದ ಲಿಬ್‌ಇವೆಂಟ್-ಡೆವ್ ಜೊತೆಗೆ ತಾನಾಗಿ ಬಂದಿದ್ದ ಲಿಬ್‌ಇವೆಂಟ್-ಕೋರ್ ಬೇರೆ ಯಾವ ಪ್ಯಾಕೇಜ್‌ಗೂ ಬೇಡವಾಗಿದ್ದರೆ ಅದೂ ಹೋಗುತ್ತದೆ. ನೀವು ಕಟ್ಟಿ /ಯುಎಸ್‌ಆರ್/ಲೋಕಲ್‌ನಲ್ಲಿಟ್ಟ ಟಿಮಕ್ಸ್ ಆಪ್ಟ್‌ನ ಲೆಕ್ಕದಲ್ಲಿ ಇಲ್ಲವಲ್ಲ. ಮರುಕ್ಷಣವೇ ಅದು ತೆರೆಯುವುದನ್ನು ನಿಲ್ಲಿಸುತ್ತದೆ. ಎಲ್‌ಡಿಡಿ ತೋರಿಸುವ ಲೈಬ್ರರಿಗಳ ಪ್ಯಾಕೇಜ್‌ಗಳನ್ನು 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಎಂದು ಗುರುತು ಮಾಡಿಟ್ಟರೆ ಆಟೋರಿಮೂವ್ ಅವುಗಳ ತಂಟೆಗೆ ಹೋಗುವುದಿಲ್ಲ.