ಟಿಕೆಟ್‌ಗಿಂತ ಮೊದಲು ಅದರ ಸಂಖ್ಯೆ

ಮುಕ್ತ ತಂತ್ರಾಂಶ ಯೋಜನೆಯೊಂದರ ದೋಷ ವರದಿಗಳನ್ನು ಹೊಸ ಟ್ರ್ಯಾಕರ್‌ಗೆ, ಅಂದರೆ ಅವನ್ನು ದಾಖಲಿಸಿಡುವ ತಾಣಕ್ಕೆ, ಸಾಗಿಸಬೇಕೆಂದು ತೀರ್ಮಾನವಾದ ಕೂಡಲೇ ತಂಡದವರು ಬಾಕಿ ಇರುವ ಟಿಕೆಟ್‌ಗಳನ್ನು (ಒಂದೊಂದು ವರದಿಯೂ ಒಂದು ಟಿಕೆಟ್) ಎಣಿಸಲು ಕೂರುತ್ತಾರೆ. ಮೈಸೂರಿನಲ್ಲಿ ಕನ್ನಡ ಫಾಂಟ್, ಕೀಲಿಮಣೆ, ಕಾಗುಣಿತ ಪರೀಕ್ಷೆಯಂತಹ ತಂತ್ರಾಂಶಗಳನ್ನು ನೋಡಿಕೊಳ್ಳುವ ಸ್ವಯಂಸೇವಕರು ಸಲಹೆ ಕೇಳಿದಾಗ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ: ಹಳೆಯ ಟಿಕೆಟ್ ಸಂಖ್ಯೆಗಳನ್ನು ಎಲ್ಲೆಲ್ಲಿ ಬರೆದಿಟ್ಟಿದ್ದೀರಿ? ಕೋಡಿನ ಪ್ರತಿ ಬದಲಾವಣೆಯ ಜೊತೆ ಬರೆಯುವ ಕಮಿಟ್ ಸಂದೇಶಗಳಲ್ಲಿ, ಕೋಡಿನ ನಡುವಿನ ಟಿಪ್ಪಣಿಗಳಲ್ಲಿ, ಬಿಡುಗಡೆಯ ವಿವರಗಳಲ್ಲಿ ಅವು ಹರಡಿರುತ್ತವೆ. ಮಂಡ್ಯದ ಕಡೆ ಜಮೀನಿನ ಸರ್ವೆ ನಂಬರು ಬದಲಾದರೂ ಹಳೆಯ ಕ್ರಯಪತ್ರ, ವಿಭಾಗಪತ್ರಗಳು ಹಿಂದಿನ ನಂಬರನ್ನೇ ಹೇಳುತ್ತಿರುತ್ತವಲ್ಲ, ಇಲ್ಲಿಯೂ ಹಾಗೆಯೇ.

ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ 2014ರಲ್ಲಿ ಬಗ್‌ಜಿಲ್ಲಾ ಎಂಬ ಟ್ರ್ಯಾಕರ್‌ನಿಂದ ಫ್ಯಾಬ್ರಿಕೇಟರ್ ಎಂಬ ಇನ್ನೊಂದಕ್ಕೆ ಹೋದಾಗ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳವಾಗಿತ್ತು: ಹಳೆಯ ಸಂಖ್ಯೆಗೆ 2000 ಕೂಡಿಸಿದರೆ ಹೊಸ ಸಂಖ್ಯೆ ಸಿಗುತ್ತದೆ. ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ಯೋಜನೆಗೆ ಆ ಅನುಕೂಲವಿರಲಿಲ್ಲ. ಅದರ ಕೋಡ್ 2017ರಲ್ಲೇ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಬಂದಿತ್ತು. ಗಿಟ್‌ಹಬ್‌ನಲ್ಲಿ ಇಶ್ಯೂ (ಅಲ್ಲಿ ಟಿಕೆಟ್‌ಗಿರುವ ಹೆಸರು) ಮತ್ತು ಪುಲ್ ರಿಕ್ವೆಸ್ಟ್ (ಕೋಡಿನಲ್ಲಿ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಎರಡಕ್ಕೂ ಒಂದೇ ಸಂಖ್ಯಾಸರಣಿ ಇರುವುದರಿಂದ, 2022ರ ಏಪ್ರಿಲ್‌ನಲ್ಲಿ ಟಿಕೆಟ್‌ಗಳು ಬರುವ ಹೊತ್ತಿಗೆ ಸಾವಿರಾರು ಸಂಖ್ಯೆಗಳು ಬಳಕೆಯಾಗಿಹೋಗಿದ್ದವು. ಹೀಗಾಗಿ ಟಿಕೆಟ್‌ಗಳಿಗೆ ಹೊಸ ಸಂಖ್ಯೆಗಳು ಬಂದವು. ಹಳೆಯ ತಾಣವನ್ನು ಓದಲಷ್ಟೇ ಉಳಿಸಿಕೊಂಡು, ಅಲ್ಲಿನ ಪ್ರತಿ ಪುಟದಲ್ಲೂ ಹೊಸ ಜಾಗದ ಕೊಂಡಿಯನ್ನು ಕೊಡಲಾಯಿತು. ಸಣ್ಣ ತಂಡಗಳಿಗೆ ನಾನು ಹೇಳುವುದು ಇಷ್ಟೇ: ಖಾಲಿ ರೆಪೊಸಿಟರಿ (ಯೋಜನೆಯ ಕೋಡ್ ಇಡುವ ಜಾಗ) ಇನ್ನೂ ಕೈಯಲ್ಲಿದ್ದರೆ ಯಾರೂ ಪುಲ್ ರಿಕ್ವೆಸ್ಟ್ ಕಳಿಸುವ ಮೊದಲೇ ಟಿಕೆಟ್‌ಗಳನ್ನು ಕ್ರಮವಾಗಿ ಏರಿಸಿ, ನಡುವೆ ಅಳಿಸಿಹೋದ ಸಂಖ್ಯೆಗಳ ಜಾಗದಲ್ಲಿ ಖಾಲಿ ಟಿಕೆಟ್ ಇಡಿ, ಆಗ ಹಳೆಯ ಸಂಖ್ಯೆಗಳೇ ಉಳಿಯುತ್ತವೆ.

ಟಿಕೆಟ್‌ಗಳನ್ನು ಏರಿಸುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಮ್) ಯಾರ ಖಾತೆಯಿಂದ ಓಡುತ್ತದೆಯೋ ಗಿಟ್‌ಹಬ್‌ನಲ್ಲಿ ಎಲ್ಲ ವರದಿಗಳ ಲೇಖಕರೂ ಅವರೇ ಆಗಿ ಕಾಣುತ್ತಾರೆ. ಆದ್ದರಿಂದ ಮೂಲ ವರದಿಗಾರರ ಹೆಸರು ಮತ್ತು ದಿನಾಂಕವನ್ನು ಪಠ್ಯದ ಮೊದಲ ಸಾಲಿನಲ್ಲೇ ಬರೆಯಬೇಕು. ಹಳೆಯ ಮಾತುಕತೆಯಲ್ಲಿ @ ಚಿಹ್ನೆಯೊಂದಿಗೆ ಬಂದ ಅಡ್ಡಹೆಸರು ಹೊಸ ಜಾಗದಲ್ಲಿ ಸಂಬಂಧವೇ ಇಲ್ಲದ ಯಾರದ್ದೋ ಆಗಿರಬಹುದು, ಮತ್ತು ಅವರಿಗೆ ರಾತ್ರಿಯಿಡೀ ಮಿಂಚಂಚೆಗಳು ಹೋಗುತ್ತಿರುತ್ತವೆ. ವೇಗಕ್ಕೂ ಮಿತಿಯಿದೆ. ಹೊಸ ಪಠ್ಯ ಸೇರಿಸುವ ಕೋರಿಕೆಗಳು ಸಾಮಾನ್ಯವಾಗಿ ನಿಮಿಷಕ್ಕೆ 80, ಗಂಟೆಗೆ 500 ದಾಟುವಂತಿಲ್ಲ. ಟಿಕೆಟ್ ಮತ್ತು ಪ್ರತಿಕ್ರಿಯೆಗಳು ಸೇರಿ 10,000 ಇದ್ದು, ಒಂದೊಂದಾಗಿ ಏರಿಸಿದರೆ 20 ಗಂಟೆ ಬೇಕು. ಅಷ್ಟು ಹೊತ್ತು ಹಳೆಯ ಟ್ರ್ಯಾಕರ್‌ನಲ್ಲಿ ಹೊಸದೇನೂ ದಾಖಲಾಗದಂತೆ ನೋಡಿಕೊಳ್ಳಬೇಕು.

ಕನ್ನಡ ತಂತ್ರಾಂಶಗಳಿಗೆ ಎದುರಾಗುವ ತೊಡಕೊಂದಿದೆ, ಸಿದ್ಧ ಸ್ಕ್ರಿಪ್ಟ್‌ಗಳನ್ನು ಬರೆದವರಿಗೆ ಅದು ಹೊಳೆದಿರುವ ಸಾಧ್ಯತೆ ಕಡಿಮೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗಿ ಬಲಕ್ಕೆ ಸರಿಯದಂತೆ ತಡೆಯುವುದು ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯಿನರ್ ಎಂಬ ಅಕ್ಷರ. ಪಠ್ಯವನ್ನು ‘ಶುಚಿಗೊಳಿಸುವ’ ಹಂತದಲ್ಲಿ ಕಾಣದ ಅಕ್ಷರಗಳನ್ನೆಲ್ಲ ತೆಗೆದುಹಾಕಿದರೆ ಅದು ‘ರ್ಯಾಂಕ್’ ಆಗುತ್ತದೆ. ಬೇರೆ ಯೋಜನೆಯಲ್ಲಿ ಇದು ಬರಿಯ ಕಾಗುಣಿತದ ತಪ್ಪು. ಫಾಂಟ್ ಯೋಜನೆಯಲ್ಲಿ ವರದಿಯ ತಿರುಳೇ ಹೋದಂತೆ, ಏಕೆಂದರೆ ಸರಿ ರೂಪ ಮತ್ತು ತಪ್ಪು ರೂಪ ಎರಡೂ ಒಂದೇ ಆಗಿ, ಬಳಕೆದಾರರು ಏನನ್ನು ದೂರುತ್ತಿದ್ದಾರೆಂಬುದೇ ತಿಳಿಯದಾಗುತ್ತದೆ. ಆದ್ದರಿಂದ ಇಂತಹ ಪದಗಳಿರುವ ಟಿಕೆಟ್‌ಗಳನ್ನು ಆರಿಸಿ, ಸಾಗಣೆಯ ಮೊದಲು ಮತ್ತು ನಂತರದ ಪಠ್ಯವನ್ನು ಬೈಟ್ ಮಟ್ಟದಲ್ಲಿ ಹೋಲಿಸಬೇಕು. ಕಣ್ಣಿನಿಂದ ನೋಡಿ ಒಪ್ಪುವುದು ಸಾಲದು.

ಭದ್ರತೆಗೆ ಸಂಬಂಧಿಸಿದ ಗುಪ್ತ ವರದಿಗಳನ್ನೂ ವರದಿಗಾರರ ಮಿಂಚಂಚೆ ವಿಳಾಸಗಳನ್ನೂ ಸಾಗಣೆಯ ಪಟ್ಟಿಯಿಂದ ಮೊದಲೇ ತೆಗೆದಿಡಬೇಕು. ಹೊರೆ ಕಡಿಮೆಯಾಗಲೆಂದು ಹಳೆಯ ಟಿಕೆಟ್‌ಗಳನ್ನು ಸಾರಾಸಗಟಾಗಿ ಮುಚ್ಚುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಬೇಡದ್ದನ್ನು ಹೊಸ ಜಾಗದಲ್ಲಿ ನಿಧಾನವಾಗಿ ಮುಚ್ಚಬಹುದು.

ಉಳಿಯುವುದು ಹಳೆಯ ತಾಣ. ಅದರ ಪುಟಗಳನ್ನು ಡೇಟಾಬೇಸಿನ ಹಂಗಿಲ್ಲದ ಸ್ಥಿರ ಎಚ್‌ಟಿಎಂಎಲ್ ಕಡತಗಳಾಗಿ ಇಳಿಸಿಕೊಂಡರೆ ನಿರ್ವಹಣೆಯ ಖರ್ಚು ತೀರ ಕಡಿಮೆಯಾಗುತ್ತದೆ, ಆದರೆ ಡೊಮೇನ್ ಹೆಸರನ್ನು ಮಾತ್ರ ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು. ಕಾಲೇಜಿನಲ್ಲಿ ಹುಟ್ಟಿದ ಯೋಜನೆಗಳಲ್ಲಿ ಡೊಮೇನ್ ಬಹುತೇಕ ಓದು ಮುಗಿಸಿ ಬೆಂಗಳೂರು ಸೇರಿದ ಯಾರೋ ಒಬ್ಬರ ಸ್ವಂತ ಖಾತೆಯಲ್ಲಿರುತ್ತದೆ. ಸ್ಕ್ರಿಪ್ಟ್ ಬರೆಯಲು ಕೂರುವ ಮೊದಲು ಅವರಿಗೊಂದು ಫೋನ್ ಮಾಡಿ ಅದನ್ನು ತಂಡದ ಹೆಸರಿಗೆ ಬರೆಸಿಕೊಳ್ಳಿ.